ದಿಲೀಪನ ಮೊಸರೈಸು

“ಫ್ರಿಜ್ಜಿನೊಳಗೆ ಹೋಗಿ ಬಂದಿದ್ದೆಲ್ಲ ತಂಗಳೇ. ತಂಗಳನ್ನ ಎಡೆಗೆ ಇಡೋ ಹಾಗಿಲ್ಲ ಮಾರಾಯ್ತಿ,” ಎಂದು ಸಿದ್ದಗಂಗಮ್ಮಜ್ಜಿ ಮೊಮ್ಮಗಳು ತನುಜಾಳಿಗೆ ತೀರ್ಪು ಕೊಟ್ಟು, ಕಡುಬಿನ ಹಿಟ್ಟಿಗೆ ಕೈ ಹಾಕಿದರು.

ಹಿರಿಯರ ಹಬ್ಬದ ಬೆಳಿಗ್ಗೆ. ಆಲ್ದೂರಿನಿಂದ ಮೂರು ಮೈಲಿ ಆಚೆ, ಪರಮೇಶ್ವರಪ್ಪನವರ ತೋಟದ ಮನೆಯಲ್ಲಿ ಎರಡು ಒಲೆಯೂ ಉರಿಯುತ್ತಿದ್ದವು. ತೀರಿಹೋದವರ ಫೋಟೋದ ಮುಂದೆ ಬಾಳೆಲೆ ಹಾಸಿ, ಅವರವರಿಗೆ ಇಷ್ಟವಾಗಿದ್ದನ್ನು ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡು ಹೋಗುವ ತನಕ ಮನೆಯವರು ಹೊರಗೆ ಕಾಯುವ ಹಬ್ಬ ಅದು. ಅಜ್ಜನಿಗೆ ಕಡುಬು, ದೊಡ್ಡಮ್ಮನಿಗೆ ಹೋಳಿಗೆ. ಈ ವರ್ಷ ಮೂರನೆಯ ಫೋಟೋ ಒಂದು ಬಂದು ಸೇರಿತ್ತು. ಮನೆಗೆಲ್ಲ ಕಿರಿಯನಾದ ದಿಲೀಪ ಇಪ್ಪತ್ತೊಂದನೆಯ ವಯಸ್ಸಿಗೇ ಹಿರಿಯರ ಸಾಲಿಗೆ ಬಡ್ತಿ ಪಡೆದುಬಿಟ್ಟಿದ್ದ. ಬದುಕಿದ್ದರೆ ಈ ಜೋಕನ್ನು ತಾನೇ ಮಾಡಿ ತಾನೇ ನಗುತ್ತಿದ್ದ.

ಅವನಿಗೆ ಇಷ್ಟವಾಗಿದ್ದು ಒಂದೇ. ತೊಂಬತ್ತೇಳರಲ್ಲಿ ಮನೆಗೆ ಕೆಂಪು ಫ್ರಿಜ್ಜು ಬಂದ ವಾರವೇ ಅವನು ಕಂಡುಹಿಡಿದ ತಿಂಡಿ. ಗಟ್ಟಿ ಮೊಸರನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ ನೇತುಹಾಕಿ, ನೀರೆಲ್ಲ ಇಳಿದ ಮೇಲೆ ಪುಡಿ ಸಕ್ಕರೆ, ಏಲಕ್ಕಿ, ತೋಟದ ಜೇನು ಸೇರಿಸಿ ಕಡೆದು ಫ್ರೀಜರಿಗಿಡುವುದು. ಗಂಟೆಗೊಮ್ಮೆ ಹೊರಗೆ ತೆಗೆದು ಮತ್ತೆ ಕಡೆಯುವುದು, ಇಲ್ಲದಿದ್ದರೆ ಐಸಿನ ಹರಳು ಹಲ್ಲಿಗೆ ಸಿಗುತ್ತದೆ. ಅದಕ್ಕೆ ಅವನಿಟ್ಟ ಹೆಸರು ಮೊಸರೈಸು. ಮೊದಲ ದಿನ ಅಪ್ಪ ಚಮಚದಲ್ಲಿ ತಳದವರೆಗೆ ಕೆದಕಿ ನೋಡಿ, “ರೈಸ್ ಎಲ್ಲೋ ಇದ್ರಲ್ಲಿ?” ಅಂದಿದ್ದರು.

“ಬೇರೆ ಏನಾದ್ರೂ ಇಡೋಣ ಬಿಡೇ. ಅವಂಗೆ ಹೋಳಿಗೆನೂ ಆಗ್ತಿತ್ತು,” ಎಂದಳು ಅಮ್ಮ ವಿಮಲಮ್ಮ, ಬೇಳೆ ಬಸಿಯುತ್ತ.

“ಬೇಡಮ್ಮ. ಅದೇ ಆಗ್ಬೇಕು.”

ತನುಜಾಳ ದನಿಯಲ್ಲಿ ಏನಿತ್ತೋ, ವಿಮಲಮ್ಮ ತಿರುಗಿ ನೋಡಿ ಮತ್ತೆ ಬೇಳೆಗೆ ಕೈ ಹಾಕಿದಳು. ತಮ್ಮ ತನ್ನ ಕೈಯಿಂದ ಅದನ್ನು ಒಂದು ಸಲ ತಿನ್ನಬೇಕು. ತನುಜಾ ಹದಿನಾಲ್ಕು ತಿಂಗಳಿಂದ ಬಯಸಿದ್ದು ಇಷ್ಟೇ. ಯಾಕೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅವಳು ಅಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. “ಅಜ್ಜಿ, ನೀರು ತಂಗಳಾಗುತ್ತಾ?”

“ಗಂಗೆಗೆ ಎಂತ ತಂಗಳು?”

“ಹಾಗಾದ್ರೆ ಐಸೂ ನೀರೇ ಅಲ್ವಾ?”

ಅಜ್ಜಿಯ ಕೈ ಹಿಟ್ಟಿನಲ್ಲೇ ನಿಂತಿತು. ಬಿ.ಎಸ್ಸಿ. ಓದಿದ ಮೊಮ್ಮಗಳು ಬಲೆ ಹಾಕುತ್ತಿದ್ದಾಳೆಂದು ಅವರಿಗೆ ತಿಳಿಯದೆ ಇರಲಿಲ್ಲ.

“ಮೊಸರು ಹೊರಗೇ ಇರುತ್ತೆ ಅಜ್ಜಿ. ಸುತ್ತ ಐಸು, ಉಪ್ಪು ತುಂಬಿ ತಿರುಗಿಸ್ತೀನಿ. ಅಲ್ಲೇ ಗಟ್ಟಿಯಾಗುತ್ತೆ.”

ಬಾಗಿಲಲ್ಲಿ ನಿಂತಿದ್ದ ಅಪ್ಪ, “ಕರೆಂಟು ರಾತ್ರಿಯೆಲ್ಲ ಇರ್ಲಿಲ್ಲ. ಟ್ರೇಲಿ ಐಸು ಎಷ್ಟಿದ್ಯೋ ನೋಡು. ಸಾಲ್ದೇ ಹೋದ್ರೆ ಸಂತೇಲಿ ಮೀನಿನೋರ ಹತ್ರ ಬೇಕಾದಷ್ಟಿರುತ್ತೆ,” ಎಂದರು.

“ಶಿವ ಶಿವಾ! ಪರಮೇಶಾ, ಹಬ್ಬದ ದಿನ ಬಾಯಲ್ಲಿ ಎಂಥ ಮಾತು ಮಾರಾಯ!” ಅಜ್ಜಿ ಹಿಟ್ಟಿನ ಕೈಯಲ್ಲೇ ಕೆನ್ನೆ ತಟ್ಟಿಕೊಂಡರು. ಆಮೇಲೆ ದನಿ ಇಳಿಸಿ, “ಟ್ರೇದು ತಗೋ ಹೋಗು. ಮೊಸರು ಮಾತ್ರ ಒಳಗೆ ಹೋಗ್ಬಾರ್ದು ನೋಡು,” ಎಂದರು.

ಎರಡು ಟ್ರೇ ಐಸು ಸಿಕ್ಕಿತು. ದೊಡ್ಡ ಬೋಗುಣಿಯಲ್ಲಿ ಐಸು, ಕಲ್ಲುಪ್ಪು. ಅದರ ನಡುವೆ ಉದ್ದನೆಯ ಸ್ಟೀಲು ಡಬ್ಬಿಯಲ್ಲಿ ಸಿಹಿ ಮೊಸರು. ತನುಜಾ ಹಿತ್ತಿಲ ಕಟ್ಟೆಯ ಮೇಲೆ ಕೂತು ಡಬ್ಬಿಯನ್ನು ಅತ್ತ ಇತ್ತ ತಿರುಗಿಸತೊಡಗಿದಳು. ಹತ್ತು ನಿಮಿಷಕ್ಕೆ ಬೆರಳು ಮರಗಟ್ಟಿದವು. ಅರ್ಧ ಗಂಟೆಗೆ ಡಬ್ಬಿಯ ಅಂಚಿನಲ್ಲಿ ಬಿಳಿ ಪದರ ಕೂತಿತು. ಅದನ್ನು ಚಮಚದಲ್ಲಿ ಕೆರೆದು ನಡುವಿಗೆ ತಳ್ಳಿ ಮತ್ತೆ ತಿರುಗಿಸಿದಳು.

ಮಿಮಿಕ್ರಿಯನ್ನು ದಿಲೀಪನಿಗೆ ಕಲಿಸಿದವಳು ಅವಳೇ. ತೋಟದ ಲೆಕ್ಕ ಬರೆಯುವ ರೈಟರು ಚೌಡಯ್ಯ ಮೂಗಲ್ಲಿ ಮಾತಾಡುವುದು, ಬಸ್ ಕಂಡಕ್ಟರು ‘ಆಲ್ದೂರ್’ ಅನ್ನುವಾಗ ‘ಆ’ವನ್ನು ನುಂಗುವುದು, ಎಲ್ಲ ಅವಳಿಂದ ಬಂದ ವಿದ್ಯೆ. ಶಿಷ್ಯ ಗುರುವನ್ನು ಮೀರಿಸಿದ. ಪಕ್ಕದ ಕೋಣೆಯಲ್ಲಿ ಕೂತು ಫ್ರಿಜ್ಜು ಗುರುಗುಟ್ಟುವಂತೆ ಗುರುಗುಟ್ಟಿ, ಟಕ್ ಎಂದು ನಿಲ್ಲಿಸಿ, ‘ಅಯ್ಯೋ ಕರೆಂಟ್ ಹೋಯ್ತು’ ಎಂದು ಅಮ್ಮ ಓಡಿಬರುವಂತೆ ಮಾಡುತ್ತಿದ್ದ.

ಹೋದ ವರ್ಷ ಶ್ರಾವಣದಲ್ಲಿ ತನುಜಾಳನ್ನು ನೋಡಲು ಬಸವಪ್ರಸಾದನ ಮನೆಯವರು ಬಂದರು. ನೋಡುವುದು ಶಾಸ್ತ್ರಕ್ಕಷ್ಟೆ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಎರಡು ವರ್ಷ ಒಬ್ಬರನ್ನೊಬ್ಬರು ನೋಡಿ ಮುಗಿಸಿದ್ದರು. ಹುಡುಗನ ಅಪ್ಪನಿಗೆ ಮಾತು ಮಾತಿಗೂ ‘ಹ್ಹಂ’ ಎಂದು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಅಡುಗೆಮನೆಯಲ್ಲಿ ಕಾಫಿ ಲೋಟ ಜೋಡಿಸುತ್ತಿದ್ದ ಅಕ್ಕನ ಹೆದರಿಕೆ ಬಿಡಿಸಲೆಂದು ದಿಲೀಪ ಶುರುಮಾಡಿದ: “ಎರಡೆಕರೆ ರೊಬಸ್ಟಾ ಕಾಫಿ, ಹ್ಹಂ, ಒಂದು ಜೀಪು, ಹ್ಹಂ, ಒಬ್ಬ ಮಗ, ಅವನಿಗೂ ಸೆಲ್ಫ್ ಸ್ಟಾರ್ಟ್ ಇಲ್ಲ, ಹ್ಹಂ…”

ತನುಜಾ ನಕ್ಕಳು. ಲೋಟ ತುಳುಕುವಷ್ಟು ನಕ್ಕಳು. ಅಡುಗೆಮನೆಯ ಗವಾಕ್ಷಿ ಜಗಲಿಗೆ ತೆರೆದುಕೊಂಡಿದೆ ಎನ್ನುವುದು ಇಬ್ಬರಿಗೂ ಗೊತ್ತಿದ್ದ ವಿಷಯವೇ. ಕಾಫಿ ತಂದಾಗ ಜಗಲಿಯ ಕುರ್ಚಿಗಳು ಖಾಲಿ. ಜೀಪು ಮಾತ್ರ ಮೊದಲ ಸಲಕ್ಕೇ ಸ್ಟಾರ್ಟ್ ಆಗಿತ್ತು.

ಒಂಬತ್ತು ದಿನ ಅವಳು ತಮ್ಮನ ಜೊತೆ ಮಾತು ಬಿಟ್ಟಳು. ಹತ್ತನೆಯ ದಿನ ಅವನು ಒಂದು ಬಟ್ಟಲು ಮೊಸರೈಸು ತಂದು ಮುಂದಿಟ್ಟ. ಬೇರೆ ದಾರಿ ತಿಳಿಯದೆ ಅದೇ ದನಿಯಲ್ಲಿ, “ಹುಡುಗಿ ನಮಗೆ ಒಪ್ಪಿಗೆ, ಹ್ಹಂ…” ಅಂದ. ಅವಳು ಬಟ್ಟಲನ್ನೇ ನೋಡುತ್ತ ಕೂತಳು. ಅದು ಪೂರ್ತಿ ಕರಗಿ ನೀರಾಗುವ ತನಕ ಅವನೂ ನಿಂತೇ ಇದ್ದ. ಆಮೇಲೆ ಅವಳು ಎದ್ದು ಹೋಗಿ, ಅವನ ಕಣ್ಣೆದುರೇ ಸಿಂಕಿಗೆ ಸುರಿದಳು.

“ನಿನ್ನ ಗಂಟಲಲ್ಲಿ ಇನ್ನು ಯಾರ ದನಿಯೂ ಹೊರಡದೇ ಹೋಗ್ಲಿ.”

“ಆಯ್ತಕ್ಕ,” ಅಂದ ಅವನು. ಯಾರ ದನಿಯಲ್ಲೂ ಅಲ್ಲ. ತನ್ನದೇ ದನಿಯಲ್ಲಿ.

ಆಗಲೇ ಬೈಕು ತೆಗೆದುಕೊಂಡು ಆಲ್ದೂರಿಗೆ ಹೊರಟವನು ಎರಡನೆಯ ತಿರುವು ದಾಟಲಿಲ್ಲ. ಮಂಜಿನಲ್ಲಿ ಮರದ ದಿಮ್ಮಿಯ ಲಾರಿ ಕಾಣಲಿಲ್ಲವಂತೆ.

ಅಂದಿನಿಂದ ತನುಜಾ ಬಚ್ಚಲಲ್ಲಿ ನೀರು ಬಿಟ್ಟುಕೊಂಡು, ಯಾರಿಗೂ ಕೇಳಿಸದಂತೆ, ಆ ‘ಆಯ್ತಕ್ಕ’ವನ್ನು ಹೇಳಿ ನೋಡುತ್ತಿದ್ದಾಳೆ. ಚೌಡಯ್ಯನ ದನಿ ಬರುತ್ತದೆ, ಕಂಡಕ್ಟರನದು ಬರುತ್ತದೆ, ಹಾಳಾದ ಆ ‘ಹ್ಹಂ’ ಕೂಡ ಬರುತ್ತದೆ. ತಮ್ಮನದು ಬರುವುದಿಲ್ಲ. ಊರಿನವರದೆಲ್ಲ ಹೊತ್ತು ತಿರುಗುತ್ತಿದ್ದ ಹುಡುಗ ತನ್ನದನ್ನು ಯಾರ ಹತ್ತಿರವೂ ಬಿಟ್ಟು ಹೋಗಿರಲಿಲ್ಲ.

ಡಬ್ಬಿಯೊಳಗಿನದು ಗಟ್ಟಿಯಾಗುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ. ಕೋಣೆಯಲ್ಲಿ ಎಡೆ ತಯಾರಾಗಿತ್ತು. ದಿಲೀಪನ ಫೋಟೋ ಮುಂದೆ ಹೊಸ ಅಂಗಿ ಮಡಿಸಿಟ್ಟಿದ್ದರು. ತನುಜಾ ಸ್ಟೀಲು ಬಟ್ಟಲಿಗೆ ಮೊಸರೈಸು ಹಾಕಿ ಎಲೆಯ ಮೇಲಿಟ್ಟಳು. ದಿಬ್ಬದ ಹಾಗೆ ನಿಂತಿತ್ತು, ಮೇಲೆ ಚಮಚದ ಗೆರೆ ಸ್ಪಷ್ಟವಾಗಿತ್ತು.

“ಹೆಸರು ಹಿಡಿದು ಕರೀರಿ,” ಎಂದರು ಅಜ್ಜಿ. ಅಪ್ಪ ತಮ್ಮ ಅಪ್ಪನನ್ನು ಕರೆದರು. ಅಮ್ಮ ಬಾಯಿ ತೆರೆದಳು, ಆಗಲಿಲ್ಲ. ಸೆರಗು ಕಚ್ಚಿಕೊಂಡು ಹೊರಗೆ ನಡೆದಳು. ಉಳಿದವಳು ತನುಜಾ.

“ಬಾರೋ ದಿಲೀಪ. ನಾನೇ ಮಾಡಿದೀನಿ. ಬಿಸಿಯಲ್ಲ, ಬೇಗ ತಿನ್ಬಹುದು.”

ಬಾಗಿಲು ಹಾಕಿದರು. ಎಲ್ಲರೂ ಜಗಲಿಯಲ್ಲಿ ಕೂತರು. ಗಟ್ಟಿಯಾಗಿ ಮಾತಾಡುವಂತಿಲ್ಲ. ಐದು ನಿಮಿಷ ಕಳೆಯಿತು, ಹತ್ತಾಯಿತು. ತನುಜಾಳಿಗೆ ತಡೆಯಲಾಗಲಿಲ್ಲ.

“ಅಜ್ಜಿ, ಬಾಗಿಲು ತೆಗೀರಿ. ಕರಗುತ್ತೆ.”

“ಸುಮ್ನಿರು. ನಿಮ್ಮಜ್ಜಂಗೆ ಹಲ್ಲಿರ್ಲಿಲ್ಲ. ಕಡುಬು ಉಣ್ಣೋಕೆ ಹೊತ್ತು ಬೇಕು.”

ಅಪ್ಪನಿಗೆ ನಗು ಬಂತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ. ಆ ನಗು ಅರ್ಧಕ್ಕೆ ಬಂದು ಬೇರೆ ಏನೋ ಆಗಿಬಿಟ್ಟು, ಅವರು ಟವೆಲಿನಿಂದ ಮುಖ ಮುಚ್ಚಿಕೊಂಡರು.

ಅರ್ಧ ಗಂಟೆಯ ಮೇಲೆ ಅಜ್ಜಿ ಮೂರು ಸಲ ಚಪ್ಪಾಳೆ ತಟ್ಟಿ ಬಾಗಿಲು ತೆಗೆದರು. ಕಡುಬು ಇಟ್ಟ ಹಾಗೇ ಇತ್ತು. ಹೋಳಿಗೆ ಇಟ್ಟ ಹಾಗೇ ಇತ್ತು. ಬಟ್ಟಲಲ್ಲಿ ದಿಬ್ಬವಿರಲಿಲ್ಲ. ಬಿಳಿ ನೀರು ಅಂಚಿನವರೆಗೆ ಸಮವಾಗಿ ನಿಂತಿತ್ತು.

“ನೋಡು, ಅವನೊಬ್ಬನೇ ಮುಟ್ಟಿದಾನೆ,” ಎಂದರು ಅಜ್ಜಿ.

ಬಿ.ಎಸ್ಸಿ. ಓದಿದವಳು ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಎಡೆಯದನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನಬೇಕು. ಅದು ಅವಳಿಗೆ ನೆನಪೇ ಆಗಲಿಲ್ಲ. ಸಿಂಕಿನ ಮುಂದೆ ನಿಂತು, ಬಟ್ಟಲನ್ನು ತುಟಿಗೆ ಹಚ್ಚಿ, ಉಸಿರು ಬಿಡದೆ ಪೂರ್ತಿ ಕುಡಿದುಬಿಟ್ಟಳು.

ಹಿಂದೆ ಅಮ್ಮ ನಿಂತಿದ್ದಳು.

“ಅಮ್ಮ,” ಎಂದಳು ತನುಜಾ ತಿರುಗದೆ. “ಅವತ್ತು ಅವನು ಮಾಡಿಕೊಟ್ಟಿದ್ದನ್ನ ನಾನು ತಿನ್ಲಿಲ್ಲ. ಅವನೆದುರಿಗೇ ಇಲ್ಲಿ ಚೆಲ್ಲಿದೆ.”

“ಗೊತ್ತು ಕಣೇ.”

“ಯಾರು ಹೇಳಿದ್ರು?”

“ಸಿಂಕು ತೊಳೆದೋಳು ನಾನೇ ಅಲ್ವಾ. ಏಲಕ್ಕಿ ಘಮ ಬರ್ತಿತ್ತು. ತೊಳೀತಾ ಇದ್ದಾಗ್ಲೇ ಚೌಡಯ್ಯ ಓಡಿಬಂದ.”

“ಬೈಬೇಕಿತ್ತು ನೀನು.”

“ಬೈದು?” ವಿಮಲಮ್ಮ ಒಲೆಯ ಕಡೆ ನೋಡಿದಳು. “ಇಬ್ಬರಲ್ಲಿ ಒಬ್ಬಳು ಉಳಿದಿದೀಯ. ನಿನ್ನನ್ನೂ ಬೈದು ಕಳಿಸ್ಲಾ?”

ಅಮ್ಮ ಹತ್ತಿರ ಬಂದು ಕೈ ಚಾಚಿದಳು.

“ನಂಗೊಂಚೂರು ಇಟ್ಟಿದೀಯ?”

ತನುಜಾ ಬಟ್ಟಲು ನೋಡಿದಳು. ಖಾಲಿ. “ಇನ್ನೊಂದ್ಸಲ ಮಾಡ್ತೀನಮ್ಮ. ಈಗ್ಲೇ ಮಾಡ್ತೀನಿ.”

“ಬೇಡ. ಎಡೇಗಿಟ್ಟಿದ್ದು ಇದೇ ಅಲ್ವಾ.”

ವಿಮಲಮ್ಮ ಬಟ್ಟಲನ್ನು ತೆಗೆದುಕೊಂಡು, ತೋರುಬೆರಳಿನಿಂದ ಒಳಗಿನ ಅಂಚನ್ನು ನಿಧಾನಕ್ಕೆ ಒಂದು ಸುತ್ತು ಒರೆಸಿ, ಬೆರಳು ಬಾಯಿಗಿಟ್ಟುಕೊಂಡಳು.

“ಅವನು ಜೇನು ಇದಕ್ಕಿಂತ ಜಾಸ್ತಿ ಹಾಕ್ತಿದ್ದ,” ಎಂದು ಹೇಳಿ, ಮತ್ತೊಂದು ಸುತ್ತು ಬೆರಳಾಡಿಸಿದಳು.