ನಾನ್ನೂರ ಹನ್ನೊಂದು ಜನರ ಒಂದು ವಿಳಾಸ

ಪರದೆಯ ಮೇಲೆ ನೀಲಿ ಗೆರೆ ಅರ್ಧಕ್ಕೆ ಬಂದು ನಿಂತಿದೆ, ಇಲ್ಲ, ನಿಂತಿಲ್ಲ, ಸರಿಯುತ್ತಿದೆ, ಐವತ್ತೆರಡು, ಐವತ್ತಮೂರು, ಗೋಡೆಯ ಆಚೆ ಶೆಡ್ಡಿನಲ್ಲಿ ಯಾರೋ ತಗಡು ಕತ್ತರಿಸುತ್ತಿದ್ದಾರೆ, ಆ ಸದ್ದು ನಿಂತಾಗಲೆಲ್ಲ ಗೆರೆಯೂ ನಿಂತಿತೇನೋ ಎಂದು ಕತ್ತೆತ್ತಿ ನೋಡುತ್ತೇನೆ — ಎರಡು ಸಾವಿರದ ಮುನ್ನೂರ ಹದಿನಾರು ಗಿರಾಕಿಗಳು ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗುತ್ತಿದ್ದಾರೆ, ಒಂದು ಮಾತಿಲ್ಲ, ಒಂದು ನೂಕಾಟವಿಲ್ಲ, ತಾರಿಹಾಳದ ಬಸ್ಸಿಗೆ ಹತ್ತು ಜನ ಹತ್ತುವುದಕ್ಕೇ ಎಷ್ಟು ಗದ್ದಲ. ಹಳೆಯದಕ್ಕೆ ಸಿಆರ್‌ಎಂ ಅನ್ನುತ್ತಾರೆ, ನಮ್ಮ ಕಂಪನಿ ಮಾಡುವ, ಮನೆಯಲ್ಲಿಟ್ಟುಕೊಳ್ಳುವ ಹಿಟ್ಟಿನ ಗಿರಣಿಯನ್ನು ಯಾರು ಕೊಂಡರು, ಯಾವಾಗ ಕೊಂಡರು, ಫೋನಿನಲ್ಲಿ ಏನಂದರು, ಎಲ್ಲವನ್ನೂ ಹನ್ನೊಂದು ವರ್ಷದಿಂದ ನಾನೇ ಅದರಲ್ಲಿ ಬರೆದಿದ್ದೇನೆ. ಹೊಸದು ಈಮೇಲ್ ಕಳಿಸುವಂಥದ್ದು, ಒಂದು ಸಲ ಒತ್ತಿದರೆ ಎಲ್ಲರಿಗೂ ಒಟ್ಟಿಗೇ ಹೋಗುತ್ತದೆ, ಅವರವರ ಹೆಸರು ಹಿಡಿದು ಕರೆಯುತ್ತದೆ ಕೂಡ. ಶಾಂಭವಿ ಅಕ್ಕಾರ, ಸಂಜಿ ಆರಕ್ಕ ಹಳೇದು ಬಂದ್ ಆಗತೈತಿ, ಅಷ್ಟರಾಗ ಎಲ್ಲಾ ಈ ಕಡೆ ಬರಬೇಕ್ರಿ, ಎಂದು ಬೆಳಿಗ್ಗೆ ಚೀಲ ಇಳಿಸುವ ಮೊದಲೇ ಹೇಳಿದಳು ಸ್ನೇಹಲ್, ಮಾರ್ಕೆಟಿಂಗ್ ನೋಡಿಕೊಳ್ಳಲು ಯುಗಾದಿಗೆ ಸೇರಿದ ಹುಡುಗಿ, ನನಗಿಂತ ಹದಿನೇಳು ವರ್ಷ ಚಿಕ್ಕವಳು, ಆದರೂ ನನಗೆ ಮೇಡಂ. ಅವಳು ಬಂದ ಮೇಲೆ ಗಿರಾಕಿಗಳ ಫೋನು ನನ್ನ ಮೇಜಿಗೆ ಬರುವುದು ನಿಂತಿತು, ಈಗ ಒಂದು ಯಂತ್ರದ ಹೆಂಗಸು ಎತ್ತುತ್ತಾಳೆ, ದುರಸ್ತಿಗಾಗಿ ಒಂದನ್ನು ಒತ್ತಿ, ಅವಳ ದನಿ ನನ್ನದಕ್ಕಿಂತ ಚೆನ್ನಾಗಿದೆ, ಕೆಮ್ಮಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಕಾಲಮ್ಮುಗಳನ್ನು ಹೊಂದಿಸುತ್ತಾ ಕೂತಿದ್ದೆ, ಎಡಕ್ಕೆ ಹಳೆಯವು, ಬಲಕ್ಕೆ ಹೊಸವು, ಹೆಸರಿಗೆ ಹೆಸರು, ಊರಿಗೆ ಊರು, ಈಮೇಲಿಗೆ ಈಮೇಲ್, ಕೊನೆಗೆ ಟಿಪ್ಪಣಿ ಎಂಬುದೊಂದು, ಫೋನಿನಲ್ಲಿ ಅವರಂದದ್ದನ್ನು ನಾನು ಬರೆದಿಟ್ಟಿದ್ದು, ಎಡಕ್ಕೆ ಒಂಟಿಯಾಗಿ ಉಳಿಯಿತು, ಬಲಕ್ಕೆ ಅದಕ್ಕೆ ಜೋಡಿಯೇ ಇಲ್ಲ, ಜೋಡಿ ಇಲ್ಲದ್ದನ್ನು ಬಿಟ್ಟುಬಿಡಬಹುದು, ಬಿಡಲೇ ಎಂದು ಪರದೆ ಕೇಳಿತು, ಹೂಂ ಎಂದು ಒತ್ತಿದೆ. ಸಾಲಿಯಾಗ ಹೊಂದಿಸಿ ಬರೆಯಿರಿ ಅಂತ ಬರ್ತಿತ್ತಲ್ಲಕ್ಕಾ, ಹಂಗ ಆತು ನಂದು, ನಲವತ್ತನೇ ವರ್ಷಕ್ಕ ಗೆರಿ ಕೂಡ್ತು, ಎಂದು ಸೌಮ್ಯಾ ನಕ್ಕಿದ್ದಳು, ಹೋದ ಮಾಘದಲ್ಲಿ, ಮದುವೆಯ ಸೀರೆಗೆ ಪಿನ್ನು ಹಾಕಿಸಿಕೊಳ್ಳುತ್ತಾ. ನನ್ನ ತಂಗಿ, ನನಗಿಂತ ಮೂರು ವರ್ಷ ಕಿರಿಯಳು, ಬೆಂಗೇರಿಯ ಒಂದೇ ಕೋಣೆಯ ಮನೆಯಲ್ಲಿ ಹದಿನಾಲ್ಕು ವರ್ಷ ಇಬ್ಬರೂ ಇದ್ದೆವು, ಮದುವೆಯಾಗದ ಅಕ್ಕ-ತಂಗಿ ಎಂದು ಓಣಿಯವರು ಮೊದಮೊದಲು ಕರುಣೆಯಿಂದ ನೋಡಿದರು, ಆಮೇಲೆ ನೋಡುವುದನ್ನೇ ಬಿಟ್ಟರು, ನಮಗೂ ಅದೇ ಬೇಕಿತ್ತು. ಅವಳ ಗಂಡ ಗದಗಿನ ಬ್ಯಾಂಕಿನವರು, ಮೊದಲ ಹೆಂಡತಿ ತೀರಿಕೊಂಡವರು, ಒಂಬತ್ತು ವರ್ಷದ ಮಗಳಿದ್ದಾಳೆ, ಒಳ್ಳೆಯ ಮನುಷ್ಯ, ಅವರಲ್ಲಿ ಒಂದು ಕೊರತೆ ಹುಡುಕಲು ನಾನು ಎಷ್ಟು ಕಷ್ಟಪಟ್ಟೆ ಎಂಬುದು ಸೌಮ್ಯಾಗೆ ಗೊತ್ತಿಲ್ಲ. ಮೊದಲು ದಿನಾ ಫೋನು ಮಾಡುತ್ತಿದ್ದಳು, ಆಮೇಲೆ ದಿನ ಬಿಟ್ಟು ದಿನ, ಈಗ ರವಿವಾರ, ಅದೂ ಒಗ್ಗರಣೆ ಹಾಕುತ್ತಾ, ನಡುವೆ ಆ ಹುಡುಗಿ ಮಮ್ಮೀ ಎಂದು ಕರೆಯುತ್ತಾಳೆ, ಇರಕ್ಕಾ ಬಂದೆ ಎನ್ನುತ್ತಾಳೆ ಸೌಮ್ಯಾ, ಬರುವುದಿಲ್ಲ, ನಾನು ಸಾಸಿವೆ ಸಿಡಿಯುವುದನ್ನು ಕೇಳುತ್ತಾ ಫೋನು ಹಿಡಿದುಕೊಂಡಿರುತ್ತೇನೆ.

ನೂರು ಎಂದು ತೋರಿಸಿತು, ಹಸಿರು ಟಿಕ್ಕು ಬಂತು, ಮುಗಿಯಿತು ಎಂದುಕೊಂಡು ನೀರು ಕುಡಿದೆ, ಆಮೇಲೆ ಸಂಖ್ಯೆ ನೋಡಿದೆ: ಸಾವಿರದ ಒಂಬೈನೂರ ಆರು. ಕಳಿಸಿದ್ದು ಎರಡು ಸಾವಿರದ ಮುನ್ನೂರ ಹದಿನಾರು. ನಾನ್ನೂರ ಹತ್ತು ಜನ ದಾರಿಯಲ್ಲೇ ಎಲ್ಲಿ ಇಳಿದರು — ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಒಂದೇ ಈಮೇಲ್ ಇರುವವರನ್ನು ಒಬ್ಬರೇ ಎಂದು ಸೇರಿಸಲಾಗಿದೆ, ಓದುತ್ತಿದ್ದ ಹಾಗೆ ಕಿವಿ ಬಿಸಿಯಾಯಿತು, ಯಾವ ಈಮೇಲ್ ಎಂದು ನೋಡುವ ಅಗತ್ಯವೇ ಇರಲಿಲ್ಲ, ಅದು ನನ್ನದು. ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ, ಕುಂದಗೋಳದ ದಾನವ್ವ ಎಂಬ ಹೆಂಗಸಿನ ಹೆಸರು ಬರೆದುಕೊಳ್ಳುತ್ತಿದ್ದೆ, ಈಮೇಲ್ ಹಾಕದೆ ಹಳೆಯ ಸಾಫ್ಟ್‌ವೇರ್ ಮುಂದಕ್ಕೇ ಹೋಗುತ್ತಿರಲಿಲ್ಲ, ನನಗೆಲ್ಲಿ ಈಮೇಲ್ ತಂಗಿ, ನಿಂದ ಹಾಕಿಬಿಡು, ನೀ ಏನ್ ಬ್ಯಾರೇನು, ಎಂದಳು ದಾನವ್ವ. ಹಾಕಿದೆ. ಆಮೇಲೆ ಇಲ್ಲ ಎಂದವರಿಗೆಲ್ಲ ಹಾಕುತ್ತಾ ಹೋದೆ, ರೊಟ್ಟಿ ಮಾರುವವರು, ಶಾಲೆಯಲ್ಲಿ ಅಡುಗೆ ಮಾಡುವವರು, ಮಗಳ ಮದುವೆಗೆ ಗಿರಣಿ ಕೊಟ್ಟವರು, ಬೆಂಗೇರಿಯಲ್ಲಿ ನಮ್ಮ ಹಿಂದಿನ ಓಣಿಯ ಅಬೀದಾ, ಎಲ್ಲರಿಗೂ ನನ್ನ ವಿಳಾಸ, ಯಾರಿಗೂ ಏನೂ ಬರುವುದಿಲ್ಲವಲ್ಲ, ಏನಾದೀತು ಎಂದುಕೊಂಡಿದ್ದೆ — ಹೀಗಾದೀತು ಎಂದು ಯಾರಿಗೆ ಗೊತ್ತು. ನಾನ್ನೂರ ಹನ್ನೊಂದು ಹೆಂಗಸರು ಸೇರಿ ಒಬ್ಬಳಾಗಿದ್ದಾರೆ, ಆ ಒಬ್ಬಳಿಗೆ ಕೊನೆಯ ಸಾಲಿನವಳ ಹೆಸರು ಉಳಿದಿದೆ, ಶೇವಂತೆವ್ವ, ಧಾರವಾಡ, ಹೆಬ್ಬಳ್ಳಿ ಅಗಸಿ.

ಹೇಳಬೇಕಿತ್ತು, ಆಗಲೇ ಎದ್ದು ಹೋಗಿ ಹೇಳಬೇಕಿತ್ತು, ಆದರೆ ಸ್ನೇಹಲ್ ಅಷ್ಟರಲ್ಲಿ ಟಿಕ್ಕು ನೋಡಿ ಚಪ್ಪಾಳೆ ತಟ್ಟಿ ಮೊದಲ ಈಮೇಲ್ ಕಳಿಸಿಯೇಬಿಟ್ಟಳು, ನನ್ನ ಮೊಬೈಲು ಮೇಜಿನ ಮೇಲೆ ಗುರ್ರೆಂದಿತು. ಪ್ರಿಯ ಶೇವಂತೆವ್ವ, ಬಹಳ ದಿನವಾಯಿತು, ನಿಮ್ಮ ನೆನಪಾಗುತ್ತಿದೆ, ಹೇಗಿದ್ದೀರಿ? ಕೆಳಗೆ ಗಿರಣಿಯೊಳಗೆ ಹಾಕುವ ಹೊಸ ಜಾಲರಿಯ ಚಿತ್ರ, ಜೋಳಕ್ಕೊಂದು, ಗೋಧಿಗೊಂದು, ಹತ್ತು ಪರ್ಸೆಂಟ್ ಕಡಿಮೆ. ಯಂತ್ರ ಬರೆದದ್ದು, ಸ್ನೇಹಲ್ ಬರೆದದ್ದೂ ಅಲ್ಲ, ತಯಾರಿದ್ದ ಮಾದರಿಯೊಂದನ್ನು ಅವಳು ಆರಿಸಿದ್ದನ್ನು ನಾನೇ ನೋಡಿದ್ದೇನೆ, ಆದರೂ ಮೊಬೈಲು ಮುಚ್ಚಿಟ್ಟು ಮತ್ತೆ ತೆರೆದೆ, ಹೇಗಿದ್ದೀರಿ ಎಂದಿತ್ತು, ಇನ್ನೊಮ್ಮೆ ತೆರೆದೆ. ಅಕ್ಕಾರ ಇಲ್ಲಿ ಬರ್ರಿ, ಲಗೂ ಬರ್ರಿ, ಎಂದು ಸ್ನೇಹಲ್ ಕೂಗಿದಳು, ಅವಳ ಪರದೆಯ ಮೇಲೆ ಯಾರು ಯಾರು ಪತ್ರ ತೆರೆದರು ಎಂಬುದು ಸಾಲಾಗಿ ಬರುತ್ತಿತ್ತು, ನೋಡ್ರಿಲ್ಲೆ, ಶೇವಂತೆವ್ವ ಅಂತ, ಕಳಿಸಿ ಐದು ನಿಮಿಷ ಆಗಿಲ್ಲ, ಮೂರು ಸಲ ಓದ್ಯಾರ, ಇವರಿಗೆ ಫೋನ್ ಹಚ್ರಿ, ಖರೇನ ಜಾಲರಿ ತಗೋತಾರ. ಅವಳ ಮುಖ ಎಷ್ಟು ಖುಷಿಯಾಗಿತ್ತು. ಅದು ನಾ ರೀ ಮೇಡಂ, ಎಂದೆ. ಅಂದ್ರ? ಓದಿದಾಕಿ ನಾ. ನಿಂತುಕೊಂಡೇ ಎಲ್ಲ ಹೇಳಿದೆ, ದಾನವ್ವನಿಂದ ಹಿಡಿದು, ಅವಳು ಮೊದಲು ನಕ್ಕಳು, ಆಮೇಲೆ ನಗುವುದು ಬಿಟ್ಟು ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು, ನಾನ್ನೂರು ಮಂದಿಗೂ ನೀವನ? ಕೆಲಸದಿಂದ ತೆಗೆಯುತ್ತಾಳೆ ಎಂದುಕೊಂಡೆ, ತೆಗೆಯಲಿಲ್ಲ, ಗದರಲೂ ಇಲ್ಲ, ಗದರಿದ್ದರೆ ಏನಾದರೂ ಅನ್ನಬಹುದಿತ್ತು. ಅವರ ಫೋನ್ ನಂಬರು ಒಂದು ಹಾಳ್ಯಾಗ ತಗೊಂಡಿಟ್ಕೋರಿ, ಹೊಸ ಸಿಸ್ಟಮ್ಮಿಗೆ ಅವರು ಬರಂಗಿಲ್ರಿ, ಈಮೇಲ್ ಇಲ್ಲಂದ್ರ ಇದ್ರಾಗ ಮನಷ್ಯಾನ ಇಲ್ಲ. ಟಿಪ್ಪಣಿ ಮೇಡಂ? ಎಂದೆ. ಅವಳು ಹಳೆಯದನ್ನು ತೆರೆದು ಅಲ್ಲಲ್ಲಿ ಓದಿದಳು, ತುಟಿ ಅಲುಗುತ್ತಿತ್ತು, ಮಂಡಿ ನೋವು, ಬೆಳಿಗ್ಗೆ ಫೋನು ಬೇಡ. ರಂಜಾನಿನಲ್ಲಿ ಮಧ್ಯಾಹ್ನ ಫೋನು ಮಾಡಬಾರದು, ಮಲಗಿರುತ್ತಾರೆ. ಮಗಳಿಗೆ ಕೊಟ್ಟ ಗಿರಣಿ ವಾಪಸ್ ಬಂದಿದೆ, ಮಗಳೂ ಬಂದಿದ್ದಾಳೆ, ಕೇಳಬಾರದು. ಇದು ಮಂದಿ ಮನಿ ವಿಷಯರಿ ಅಕ್ಕಾರ, ಕಂಪನ್ಯಾಗ ಇರಬಾರದು, ಹೋಗಲಿ ಬಿಡ್ರಿ, ಎಂದಳು, ಮೆಲ್ಲಗೆ ಎಂದಳು, ಅವಳು ಹೇಳಿದ್ದು ಸರಿ ಎಂದು ನನಗೂ ಅನ್ನಿಸಿತು, ಅದೇ ಕಷ್ಟ, ಹನ್ನೊಂದು ವರ್ಷ ನಾನು ಯಾರ ಮನೆಯ ಬಾಗಿಲಲ್ಲಿ ನಿಂತಿದ್ದೆ, ಯಾರು ಕರೆದಿದ್ದರು.

ಐದೂವರೆಗೆ ಸ್ನೇಹಲ್ ವಿದ್ಯಾನಗರದ ಕಡೆ ಹೊರಟಳು, ಹೋಗುವ ಮುಂಚೆ ನನ್ನ ಹೆಗಲು ಮುಟ್ಟಿದಳು, ಆಫೀಸಿನಲ್ಲಿ ನಾನೊಬ್ಬಳು, ನಂಬರುಗಳ ಹಾಳೆ ಪ್ರಿಂಟರಿನಿಂದ ಬಂದು ಬಿಸಿಯಾಗಿ ಕೂತಿದೆ, ಹತ್ತು ಪುಟ. ಹಳೆಯದು ಬಂದ್ ಆಗಲು ಇನ್ನು ಕಾಲು ಗಂಟೆ. ಶೇವಂತೆವ್ವನ ಟಿಪ್ಪಣಿ ಉಳಿದವರದಕ್ಕಿಂತ ಉದ್ದ, ವಾರಕ್ಕೊಮ್ಮೆಯಾದರೂ ಫೋನು ಮಾಡುತ್ತಿದ್ದಳು ಮುದುಕಿ, ನನ್ನನ್ನು ಬಾಯಿ ಎಂದೇ ಕರೆಯುತ್ತಿದ್ದಳು, ಬಾಯಿ, ಗಿರಣಿ ಸಪ್ಪಳ ಬ್ಯಾರೆ ಬರಾಕತ್ತೈತಿ, ಕೇಳಿಲ್ಲೆ, ಎಂದು ಫೋನನ್ನು ಗಿರಣಿಗೆ ಹಿಡಿಯುತ್ತಿದ್ದಳು, ನಾನು ಕೇಳಿ, ಛಲೋ ಐತ್ರಿ ಅವ್ವಾರ, ಏನೂ ಆಗಿಲ್ಲ ಎನ್ನುತ್ತಿದ್ದೆ, ಆಗಿರುತ್ತಲೂ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು, ಆಮೇಲೆ ಅರ್ಧ ತಾಸು ಹಲಸಂದಿ ಕಾಳು, ಹವಾಮಾನ, ಸೊಸೆ. ಯಂತ್ರದ ಹೆಂಗಸು ಬಂದ ಮೇಲೆ ಅವಳ ಸುದ್ದಿಯೇ ಇಲ್ಲ, ಒಂದನ್ನು ಒತ್ತಿ ಎಂದರೆ ಅವಳೇನು ಒತ್ತುತ್ತಾಳೆ, ಸಿಟ್ಟಾಗಿ ಬಿಟ್ಟಿರಬೇಕು — ನನ್ನ ಸ್ವಂತ ಮೊಬೈಲಿನಿಂದ ನಂಬರು ಒತ್ತಿದೆ, ಎಂಟು ಸಲ ಬಡಿಯಿತು. ಯಾರ್ರಿ? ಗಂಡು ದನಿ, ಮಗ ನೀಲಪ್ಪ. ಗಿರಣಿ ಕಂಪನಿಯಿಂದ್ರಿ, ಶೇವಂತೆವ್ವಾರು ಅದಾರೇನ್ರಿ? ಅದಾಳ್ರಿ, ಆದ್ರ ಫೋನ್ಯಾಗ ಮಾತಾಡಾಕ ಆಗಂಗಿಲ್ರಿ, ನಾಲ್ಕು ತಿಂಗಳಾತು, ಕಿವಿ ಪೂರಾ ಹೋಗ್ಯಾವ, ಡಾಕ್ಟರು ಇನ್ನ ಬರಂಗಿಲ್ಲ ಅಂದಾರ. ನನಗೆ ಏನು ಕೇಳಬೇಕೋ ತಿಳಿಯದೆ ಗಿರಣಿ ನಡಸ್ತಾರೇನ್ರಿ ಎಂದುಬಿಟ್ಟೆ, ಗಿರಣಿ, ಆ ಹೊತ್ತಿನಲ್ಲಿ. ನಡಸ್ತಾಳ್ರಿ, ಸಪ್ಪಳ ಕೇಳ್ಸಂಗಿಲ್ಲಲ್ಲ, ಮುಚ್ಚಳದ ಮ್ಯಾಲ ಅಂಗೈ ಇಟ್ಕೊಂಡು ಕುಂದರ್ತಾಳ, ಬೀಸೋದು ಮುಗಿಯೋತನಕ, ನಡುಗಿದ್ರ ನಡದೈತಿ, ನಿಂತ್ರ ಮುಗೀತು ಅಂತ. ಹಿಂದಿನಿಂದ ಯಾರಪಾ ಅದು ಎಂಬ ದೊಡ್ಡ ದನಿ, ಕೇಳಿಸದವರ ದನಿ, ನೀಲಪ್ಪ ಏನು ಸನ್ನೆ ಮಾಡಿದನೋ, ಗಿರಣಿ ಬಾಯೇನು? ಕೊಡಿಲ್ಲೆ, ನನಗ ಕೊಡು, ಎಂದು ಕಸಿದುಕೊಂಡ ಸದ್ದು. ಬಾಯಿ, ನೀನನ? ನನಗೇನೂ ಕೇಳ್ಸಂಗಿಲ್ಲ ನೋಡು, ಆದ್ರ ಕಟ್ ಮಾಡಬ್ಯಾಡ, ನೀ ಮಾತಾಡು, ನಾ ಹಿಡಕೊಂಡಿರ್ತೇನಿ.

ಏನು ಮಾತಾಡಲಿ, ಯಾರೊಡನೆ, ಪರದೆಯ ಮೂಲೆಯಲ್ಲಿ ಐದು ಐವತ್ತೊಂದು, ತಗಡು ಕತ್ತರಿಸುವವನೂ ಮನೆಗೆ ಹೋದ. ಅವ್ವಾರ, ಎಂದೆ, ನನ್ನ ಹೆಸರು ಶಾಂಭವಿ ರೀ, ಇಷ್ಟು ವರ್ಷದಲ್ಲಿ ಅದನ್ನೇ ಹೇಳಿರಲಿಲ್ಲ, ಹೂಂ ಎಂದಳು ಆ ಕಡೆ, ಕೇಳಿಸಿದವಳ ಹಾಗೆ. ತಂಗಿ ಇದ್ಲು ಅವ್ವಾರ, ಹೋದ್ಲು, ಛಲೋ ಮನಿಗೇ ಹೋಗ್ಯಾಳ, ಅಳಬಾರದು ನಾ. ಹೂಂ. ರಾತ್ರಿ ಮಲಗೂಮುಂದ ಗ್ಯಾಸ್ ಬಂದ್ ಮಾಡಿಯೇನು ಅಂತ ಒಬ್ಬರಿಗೊಬ್ಬರು ಕೇಳ್ತಿದ್ವಿ, ಈಗ ಕೇಳೋರಿಲ್ಲ, ಬಂದ್ ಮಾಡಿರ್ತೇನಿ, ಮಾಡೇನಿ ಅಂತ ಗೊತ್ತಿರ್ತೈತಿ, ಆದ್ರೂ ಎರಡು ಸಲ ಎದ್ದು ಹೋಗಿ ನೋಡ್ತೇನಿ, ಮೊನ್ನೆ ಗೋಡಿಗೆ ಹೇಳಿದೆ ರೀ, ಮಾಡೇನಿ ಮಲ್ಕೊ ಅಂತ. ಹೂಂ, ಹೂಂ. ರವಿವಾರ ಬಂದ್ರ ಸಾಕು ಅಂತ ಆರು ದಿನ ಕಾಯ್ತೇನಿ, ಬಂದ ಮ್ಯಾಲ ಆಕಿಗೆ ನಾ ಅರಾಮ ಅದೇನಿ ಅಂತನ ಹೇಳ್ತೇನಿ, ಬ್ಯಾರೆ ಏನ್ ಹೇಳ್ಲಿ. ಕೆಲವು ಹೂಂ ತಪ್ಪು ಜಾಗದಲ್ಲಿ ಬೀಳುತ್ತಿದ್ದವು, ಮಾತು ಮುಗಿಯುವ ಮೊದಲೇ, ಮಾತೇ ಇಲ್ಲದಲ್ಲಿ, ಆದರೆ ನಿಲ್ಲಲಿಲ್ಲ, ನಾನು ಮೂಗು ಒರೆಸಿಕೊಂಡದ್ದಕ್ಕೂ ಒಂದು ಹೂಂ. ಆತೇನು ಬಾಯಿ? ಎಂದಳು ಕೊನೆಗೆ, ತಾನೇ ಲೆಕ್ಕ ಹಾಕಿ, ಆಗಿರಬೇಕು, ಜ್ವಾಳ ಹಾಕೇನಿ, ಚಾಲೂ ಮಾಡ್ತೇನಿ, ಇಡ್ತೇನಿನ್ನ, ಆದರೆ ಇಡಲಿಲ್ಲ, ಇಡಲು ಬರಲಿಲ್ಲವೋ, ಮರೆತಳೋ, ಫೋನು ಎಲ್ಲೋ ಹಲಗೆಯ ಮೇಲೆ ಕೂತ ಸದ್ದಾಯಿತು, ಆಮೇಲೆ ಗಿರಣಿ ಶುರುವಾಯಿತು, ಮೊದಲು ಒರಟಾಗಿ, ಆಮೇಲೆ ಒಂದೇ ಸಮ, ಛಲೋ ಐತ್ರಿ ಅವ್ವಾರ, ಏನೂ ಆಗಿಲ್ಲ, ಎಂದೆ ನಾನು, ಯಾರಿಗೂ ಕೇಳಿಸದ ಹಾಗೆ. ಆರಾಯಿತು, ಪರದೆ ಬೆಳ್ಳಗಾಯಿತು, ಹೆಸರು ಮತ್ತು ಗುಪ್ತಪದ ಕೊಡಿ ಎನ್ನುತ್ತದೆ, ಕೊಟ್ಟರೂ ಇನ್ನು ಒಳಗೆ ಏನಿಲ್ಲ, ಬಸ್ಸಿಗೆ ಹೊತ್ತಾಗುತ್ತದೆ, ಏಳಬೇಕು, ಏಳುತ್ತೇನೆ, ಹಾಳೆ ಮಡಚಿ ಚೀಲಕ್ಕೆ ಹಾಕಬೇಕು, ನಾಳೆ ಅಬೀದಾಗೆ ಫೋನು, ನಾಡಿದ್ದು ಕುಂದಗೋಳಕ್ಕೆ, ದಾನವ್ವನಿಗೆ — ಫೋನು ಇನ್ನೂ ಕಿವಿಯಲ್ಲೇ ಇದೆ, ಬೀಸುತ್ತಿದೆ, ಅಲ್ಲಿ ಈಗ ಅವಳು ಕೂತಿರಬೇಕು, ಮುಚ್ಚಳದ ಮೇಲೆ ಅಂಗೈ, ಹಿಟ್ಟು ಮೆತ್ತಿದ ಬೆರಳುಗಳನ್ನು ಅಗಲಿಸಿ, ಕಣ್ಣು ಎಲ್ಲಿಯೋ, ನಡುಗುತ್ತಿದೆಯೋ ಇಲ್ಲವೋ, ನಡುಗುತ್ತಿದೆ, ಅಂಗೈ, ಮುಚ್ಚಳದ ಮೇಲೆ, ಮುಚ್ಚಳದ ಮೇಲೆ ಅಂಗೈ