ಗೋಡೆಗೆ ಜಡಿದ ಬಾಗಿಲು

“ಹಲ್ಲು ಬಿಡ್ರೇ, ಮುಂಡೇರಾ! ಸತ್ತೋರ ಮನೆ ಮುಖ ಹೊತ್ಕೊಂಡು ಕೂತ್ರೆ ಸರ್ಕಾರ ದುಡ್ಡು ಬಿಚ್ಚುತ್ತಾ?”

ಮೇಸ್ತ್ರಿ ಬೆಳಗಿನಿಂದ ನಮಗೆ ನಗುವುದನ್ನು ಕಲಿಸುತ್ತಿದ್ದ. ಬೆಂಕಿಗೆ ಬೀದಿಗೆ ಬೀದಿಯೇ ಸುಟ್ಟ ಮೇಲೆ, ಹೊಲಿಗೆ ಕಾರ್ಖಾನೆಗಳನ್ನು ಮತ್ತೆ ಎಬ್ಬಿಸಲು ಸರ್ಕಾರ ಮಾಲೀಕರಿಗೆ ಸಹಾಯಧನದ ಮೊದಲ ಕಂತು ಕೊಟ್ಟಿತ್ತು. ಹಿಂದುಗಡೆ ಇನ್ನೊಂದು ಬಾಗಿಲು ಮಾಡಿಸಬೇಕೆಂಬುದು ಷರತ್ತು. ಆ ದುಡ್ಡು ಏನಾಯಿತೆಂದು ನೋಡಲು ಊರಿನ ದೊಡ್ಡ ಮನುಷ್ಯರ ಸಮಿತಿ ಬರುವುದಿತ್ತು. ಅವರು ಸೈ ಹಾಕಿದರೆ ಉಳಿದ ದುಡ್ಡು, ನಾಳೆಯಿಂದ ಕೆಲಸ. ಬೆಂಕಿಯಲ್ಲಿ ಹೋದ ನನ್ನ ಅಕ್ಕನ ಮಿಷನ್ನಿನ ಮುಂದೆ ಅಕ್ಕನ ಮಗಳು ಕೂರುತ್ತಾಳೆ.

ಬಾಗಿಲೇನೋ ಇತ್ತು. ಹಸಿರು ಬಣ್ಣ, ಹಿತ್ತಾಳೆ ಹಿಡಿ, ಮೇಲೊಂದು ಬೋರ್ಡು. ಅದರ ಹಿಂದೆ ಗೋಡೆ. ಒಂದು ಇಟ್ಟಿಗೆಯನ್ನೂ ಕೀಳದೆ ಚೌಕಟ್ಟನ್ನು ಗೋಡೆಗೇ ಜಡಿದಿದ್ದರು. ಅದೂ ಅಲ್ಲಿಯೇ ಏಕೆಂದು ನಮಗೆಲ್ಲ ಗೊತ್ತಿತ್ತು. ಎಷ್ಟು ಸಲ ಸುಣ್ಣ ಬಳಿದರೂ ಅಲ್ಲಿ ಮಸಿಯ ಅಂಗೈಗಳು ಮತ್ತೆ ಮೂಡುತ್ತಿದ್ದವು. ಎಲ್ಲಕ್ಕಿಂತ ಕೆಳಗಿನದು, ಕಿರುಬೆರಳು ಸೊಟ್ಟಗಿರುವುದು, ಅಕ್ಕನದು.

ನಮ್ಮನ್ನು ಒಳಗೆ ಕೂಡಿ ಗ್ರಿಲ್ಲಿಗೆ ಹೊರಗಿನಿಂದ ಬೀಗ ಜಡಿಯುವುದು ಇಲ್ಲಿನ ಪದ್ಧತಿ. ಬಟ್ಟೆ ಕದಿಯುತ್ತೇವಂತೆ, ಥೂ! ಬೆಂಕಿ ಬಿದ್ದ ದಿನ ನಾನು ದಾರದ ಮೂಟೆ ತರಲು ಕೆಳಗಿಳಿದಿದ್ದೆ. ವಾಚ್‌ಮನ್ ಬೀಗದಕೈ ಜೇಬಿಗಿಳಿಸಿ ಎಲ್ಲಿಗೋ ಹೋಗಿದ್ದ. ಒಳಗೆ ಗೋಡೆ ಬಡಿಯುತ್ತಿದ್ದ ಸದ್ದು ಬೀದಿಗೆ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಈಗಲೂ ಪಕ್ಕದ ಮನೆಯವರು ಚಾಪೆ ಕೊಡವಿದರೆ ನನ್ನ ಜೀವ ಬಾಯಿಗೆ ಬರುತ್ತದೆ.

ಸಮಿತಿ ಬಂತು. ಮಾಲೀಕ ಅಕ್ಕನ ಮಗಳನ್ನು ಭುಜ ಹಿಡಿದು ಮುಂದಕ್ಕೆ ತಳ್ಳಿದ. “ತಾಯಿ ಸತ್ತ ಮಗು, ಮೇಡಂ. ಅದೇ ಜಾಗದಲ್ಲಿ ಕೆಲಸ ಕೊಟ್ಟಿದೀನಿ.”

“ಪುಣ್ಯಾತ್ಮರು ನೀವು,” ಎಂದರು ಸಮಿತಿಯ ಮೇಡಂ.

ಹಸಿರು ಬಾಗಿಲಿನ ಮುಂದೆ ಫೋಟೋ ಆಯಿತು. ಹಿಡಿಗೆ ಯಾರೂ ಕೈ ಹಾಕಲಿಲ್ಲ. ನನಗೆ ತಡೆಯಲಾಗಲಿಲ್ಲ. “ಅಮ್ಮಾ, ಒಂದ್ಸಲ ತೆಗೆದು ನೋಡಿ,” ಎಂದೆ.

ಮೇಸ್ತ್ರಿ ನನ್ನ ತೋಳು ಚಿವುಟಿದ. ಮಾಲೀಕ ನಕ್ಕ. “ಬಣ್ಣ ಹಸಿ ಇದೆ ಮೇಡಂ, ಕೈಗೆ ಅಂಟುತ್ತೆ.”

“ಬೇಡ ಬಿಡಿ, ಬಾಗಿಲು ಕಾಣ್ತಾ ಇದೆಯಲ್ಲ.” ಮೇಡಂ ಚಾಚಿದ್ದ ಕೈಯನ್ನು ಹಿಂದೆಗೆದುಕೊಂಡರು.

“ನಡೀರೇ ಹೊರಗೆ! ದೊಡ್ಡೋರು ಕಾಫಿ ಕುಡೀಲಿ,” ಎಂದು ಮೇಸ್ತ್ರಿ ನಮ್ಮನ್ನು ಮೆಟ್ಟಿಲಿಗೆ ದಬ್ಬಿದ. ನಾನು ಕೊನೆಯವಳಾಗಿ ಹೊರಬಂದೆ. ಗ್ರಿಲ್ಲಿನಲ್ಲಿ ಬೀಗ ಬೀಗದಕೈ ಸಮೇತ ನೇತಾಡುತ್ತಿತ್ತು. ಗ್ರಿಲ್ಲನ್ನು ಎಳೆದೆ, ಬೀಗ ಜಡಿದೆ.

“ಏಯ್ ಲೌಡಿ! ಏನೇ ಮಾಡ್ದೆ?” ಒಳಗಿನಿಂದ ಮೇಸ್ತ್ರಿ ಕಿರುಚಿದ.

“ಬೆಂಕಿ ಬಿದ್ದಿದೆ ಅಂದ್ಕೊಳ್ಳಿ, ಮೇಸ್ತ್ರೀ. ದೊಡ್ಡೋರ್ನೆಲ್ಲ ಹೊಸ ಬಾಗಿಲಿಂದ ಕರ್ಕೊಂಡು ಬನ್ನಿ.”

ಮಾಲೀಕ ಪೊಲೀಸರಿಗೆ ಫೋನ್ ಹಚ್ಚಿ ಕೂಗಾಡಿದ. ಮೇಡಂ ಮಾತ್ರ ಹಸಿರು ಬಾಗಿಲಿನತ್ತ ಹೋದರು. “ಮೇಡಂ, ಬಣ್ಣ...” ಎಂದು ಅವನು ಹಿಂದೆ ಓಡಿದ. ಕದ ಕಿರುಗುಟ್ಟಿತು.

“ಇದು... ಯಾರ ಕೈ ಇದು?” ಎಂದರು ಮೇಡಂ.

ಅಕ್ಕನ ಮಗಳು ಹೊರಗಿನಿಂದ ಗ್ರಿಲ್ಲಿಗೆ ಮುಖ ಒತ್ತಿ ನಿಂತಿದ್ದಳು.

“ಕೆಳಗಿಂದು ನಮ್ಮಮ್ಮಂದು, ಮೇಡಂ. ನೀವಿನ್ನೂ ಸೈ ಹಾಕಿಲ್ಲ ತಾನೆ?”

ಮೇಸ್ತ್ರಿ ಓಡಿ ಬಂದು ಎರಡೂ ಅಂಗೈಗಳಿಂದ ಗ್ರಿಲ್ಲನ್ನು ಬಡಿಯತೊಡಗಿದ. ಅದೇ ಸದ್ದು. ನಾನು ಮೆಟ್ಟಿಲ ಮೇಲೆ ಕೂತೆ. ಬೀಗದಕೈ ಮುಷ್ಟಿಯಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಕೆಳಗೆ ಪೊಲೀಸ್ ಜೀಪು ನಿಂತ ಸದ್ದಾಯಿತು. ನಮ್ಮ ಹೆಂಗಸರು ಒಬ್ಬೊಬ್ಬರಾಗಿ ಬಂದು ನನಗಿಂತ ಕೆಳಗಿನ ಮೆಟ್ಟಿಲುಗಳ ಮೇಲೆ, ದಾರಿಗಡ್ಡವಾಗಿ ಕೂತರು.