ಪೆಟ್ಟಿಗೆಯ ತಳದ ಚೀಟಿ

ಪಾಸ್ಟರರಿಗೆ ಸುಸ್ತಾಗಿತ್ತು. ಮಲಗೆದ್ದರೆ ಹೋಗುವ ಸುಸ್ತಲ್ಲ ಅದು. ಹನ್ನೆರಡು ವರ್ಷ ಯಾರಿಗೂ ‘ಆಗಲ್ಲ’ ಎನ್ನದೆ ಕೂಡಿಟ್ಟ ಸುಸ್ತು. ಚರ್ಚಿನ ಬೀಗದ ಕೈ ಅವರ ಜೇಬಲ್ಲೇ, ಮೈಕಿನ ವೈರು ಅವರ ಕೈಯಲ್ಲೇ, ಅತ್ತೆ ಸೊಸೆಯರ ಪಂಚಾಯಿತಿ ಅವರ ತಲೆಗೇ. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ಈ ಮನುಷ್ಯನಿಗೆ ಶನಿವಾರ ಹೆಂಡತಿ ಒಂದು ಮಾತು ಹೇಳಿದಳು.

“ಇವತ್ತಾದ್ರೂ ನಮ್ಮ ಜೊತೆ ಕೂತು ಊಟ ಮಾಡಿ. ಇಲ್ಲಾಂದ್ರೆ ನಾಳೆ ಮಗಳನ್ನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ಸಿಟ್ಟಿಲ್ಲ ರೀ, ಸಾಕಾಗಿದೆ.”

“ಖಂಡಿತ” ಎಂದರು. ಅಷ್ಟರಲ್ಲಿ ಫೋನು ಬಂತು. ಗಾಯನ ತಂಡದ ಇಬ್ಬರು ಹೆಂಗಸರು ಮೈಕಿನ ಹತ್ತಿರ ಯಾರು ನಿಲ್ಲಬೇಕೆಂದು ಕಿತ್ತಾಡಿಕೊಂಡಿದ್ದರಂತೆ. ದೇವರಿಗೇನು ಕಿವಿ ಮಂದವೇ? ಪಾಸ್ಟರರು ಓಡಿದರು, ರಾಜಿ ಮಾಡಿಸಿದರು. ಮನೆಗೆ ಬಂದಾಗ ಅವರ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ.

ಅದರಿಂದ ಇನ್ನೊಂದು ಕೆಲಸವೂ ತಪ್ಪಿತು. ಚರ್ಚಿನ ಬಾಗಿಲ ಬಳಿಯ ಪೆಟ್ಟಿಗೆಗೆ ಜನ ತಮ್ಮ ಕಷ್ಟಗಳನ್ನು ಹೆಸರಿಲ್ಲದೆ ಬರೆದು ಹಾಕುತ್ತಿದ್ದರು. ಶನಿವಾರವೇ ಅವನ್ನು ಓದಿ, ಮನೆಯೊಳಗಿನ ಗುಟ್ಟುಗಳನ್ನು ಪಕ್ಕಕ್ಕಿಟ್ಟು, ಉಳಿದವನ್ನು ಭಾನುವಾರ ಸಭೆಯಲ್ಲಿ ಓದಿ ಪ್ರಾರ್ಥಿಸುವುದು ಪಾಸ್ಟರರ ರೂಢಿ. ಆದರೆ ಪ್ರತಿ ಸಲವೂ ಮೇಲಿನ ಎಂಟು ಹತ್ತು ಚೀಟಿ ತೆಗೆಯುವಷ್ಟರಲ್ಲಿ ಯಾರಾದರೂ ಕರೆಯುತ್ತಿದ್ದರು. ತಳದ್ದು ತಳದಲ್ಲೇ ಉಳಿಯುತ್ತಿತ್ತು.

ಭಾನುವಾರ ಬೇರೆ ದಾರಿ ಕಾಣದೆ ಪೆಟ್ಟಿಗೆಯನ್ನೇ ವೇದಿಕೆಗೆ ತಂದು ಬೋರಲು ಹಾಕಿದರು. ಎಲ್ಲಕ್ಕಿಂತ ಮೇಲೆ ಬಂದ ಚೀಟಿಯನ್ನು ಬಿಡಿಸಿ ಓದತೊಡಗಿದರು.

“ಒಬ್ಬ ಗಂಡನಿಗಾಗಿ ಪ್ರಾರ್ಥಿಸಿ. ಅವರು ಕೆಟ್ಟವರಲ್ಲ. ಎಲ್ಲರ ಕಷ್ಟ ಕೇಳುತ್ತಾರೆ. ಮನೆಗೆ ಬರುವಾಗ ಅವರಲ್ಲಿ ಮಾತೇ ಉಳಿದಿರುವುದಿಲ್ಲ. ‘ಅಪ್ಪನ ಹತ್ತಿರ ಏನೋ ಹೇಳಬೇಕು, ನಾನೂ ಚೀಟಿ ಹಾಕಲಾ?’ ಎಂದು ಮಗಳು...”

ಪಾಸ್ಟರರು ಓದು ನಿಲ್ಲಿಸಿ ಚೀಟಿಯನ್ನು ಕಣ್ಣಿನ ಹತ್ತಿರ ತಂದರು. ದಿನಸಿ ಪಟ್ಟಿಯಲ್ಲಿ ದಿನಾ ಕಾಣುವ ಅಕ್ಷರ! ಮೂರನೆಯ ಬೆಂಚಿನಲ್ಲಿ ಹೆಂಡತಿ ತಲೆ ತಗ್ಗಿಸಿದ್ದಳು. ಪ್ರಾರ್ಥನೆ ಮುಗಿಯಿತೆಂದುಕೊಂಡು ಸಭೆಯ ಹಿರಿಯರು ಗಟ್ಟಿಯಾಗಿ “ಆಮೆನ್” ಎಂದರು. ಎಲ್ಲರೂ ದನಿಗೂಡಿಸಿದರು.

ಆರಾಧನೆ ಮುಗಿದ ಮೇಲೆ ಅದೇ ಹಿರಿಯರು ಅಡ್ಡ ಬಂದರು. “ಪಾಸ್ಟರೇ, ಚಾವಣಿ ಸೋರೋ ವಿಷಯ. ಹತ್ತೇ ನಿಮಿಷ.”

“ಇವತ್ತು ಆಗಲ್ಲ” ಎಂದು ಪಾಸ್ಟರರು ಬೀಗದ ಕೈಯನ್ನು ಅವರ ಅಂಗೈಗೆ ಹಾಕಿದರು. “ಎರಡು ಸಲ ತಿರುಗಿಸ್ಬೇಕು.”

ದಾರಿಯಲ್ಲಿ ಹೆಂಡತಿಯನ್ನು ಮೆಲ್ಲಗೆ ಕೇಳಿದರು, “ಚೀಟಿ ನಿನ್ನೆ ಹಾಕಿದ್ದಾ?”

“ಹೋದ ವರ್ಷ. ಪ್ರತಿ ಭಾನುವಾರ ಇವತ್ತು ಓದ್ತೀರಿ ಅಂತ ಕಾಯ್ತಿದ್ದೆ. ಆಮೇಲೆ ಕಾಯೋದು ಬಿಟ್ಟೆ.”

ಮನೆಯಲ್ಲಿ ಬ್ಯಾಗು ಬಾಗಿಲ ಪಕ್ಕ ಸಿದ್ಧವಾಗಿತ್ತು. ಹೆಂಡತಿ ಅದನ್ನು ಒಳಗಿಡಲೂ ಇಲ್ಲ, ಎತ್ತಿಕೊಳ್ಳಲೂ ಇಲ್ಲ. ಮೂರು ತಟ್ಟೆ ಹಾಕಿದಳು. ಪಾಸ್ಟರರು ಫೋನು ಆರಿಸಿ ಮಗಳ ಪಕ್ಕ ಕೂತರು.

“ಅಪ್ಪನಿಗೆ ಏನೋ ಹೇಳ್ಬೇಕು ಅಂದಿದ್ಯಂತಲ್ಲ ಪುಟ್ಟಿ. ಹೇಳಮ್ಮ.”

ಮಗಳು ತುಂಬ ಹೊತ್ತು ಯೋಚಿಸಿದಳು. ಪಾಪ, ನಿಜವಾಗಿಯೇ ಯೋಚಿಸಿದಳು.

“ಮರೆತೋಯ್ತಪ್ಪ” ಎಂದಳು.